ವಿಮಾನ ಮಂಟಪಕ್ಕೆ ರಾಕ್ಷಸ ಬೇಕು

ನಾಗೇಶ್ವರ ಭಟ್ಟರು: ಸಂಹಾರವೇ ಇಲ್ಲದ ಮೇಲೆ ಅದೆಂಥ ದಸರಾ ಮಂಟಪ ಮಾರಾಯ?

ಶ್ರೀರಾಮ್: ವರ್ಷ ವರ್ಷ ಕೊಲ್ಲಿಸ್ಕೊಂಡು ಮಹಿಷಾಸುರನಿಗೇ ಬೇಜಾರು ಬಂದಿದೆ ಭಟ್ರೇ. ಈ ಸಲ ವಿಮಾನ ಅಪಹರಣ!

(ಮಡಿಕೇರಿಯ ದೇವಸ್ಥಾನದ ಹಿಂದಿನ ಶೆಡ್ಡು. ದಸರಾ ಮೆರವಣಿಗೆಗೆ ಮಂಟಪವಾಗಿ ಹೊರಡಬೇಕಾದ ಟ್ರ್ಯಾಕ್ಟರಿನ ಮೇಲೆ ಪ್ಲೈವುಡ್ ವಿಮಾನ, ರೆಕ್ಕೆ ಇನ್ನೂ ಕೂರಿಸಿಲ್ಲ. ಒಳಗೆ ಪಿಸ್ತೂಲು ಹಿಡಿದ ಮೀಸೆಯ ಬೊಂಬೆ. ಪಕ್ಕದಲ್ಲಿ ದೇವಿ ತ್ರಿಶೂಲ ಎತ್ತಿಕೊಂಡು ಕಾಯುತ್ತಿದ್ದಾಳೆ. ಅರ್ಚಕ ಭಟ್ಟರಿಗೂ ಮಂಟಪ ಸಮಿತಿಯ ಕಾರ್ಯದರ್ಶಿ ಶ್ರೀರಾಮ್ ಮೇಷ್ಟ್ರಿಗೂ ಜಟಾಪಟಿ.)

ಭಟ್ಟರು: ಸರಿ, ಈ ಮೀಸೆಯವನನ್ನೇ ದೇವಿ ಚುಚ್ಚಲಿ. ಮುಗೀತು.

ಶ್ರೀರಾಮ್: ಅಯ್ಯಯ್ಯೋ, ಚುಚ್ಚೋ ಹಾಗಿಲ್ಲ! ನಮ್ಮ ಕಥೇಲಿ ಇವನು ದುಡ್ಡು ಕೇಳಿದವನಲ್ಲ. ನಿರಾಶ್ರಿತರ ಮಕ್ಕಳಿಗೆ ಔಷಧಿ ಕಳಿಸಿ, ವಿಮಾನ ಬಿಡ್ತೀನಿ ಅಂದವನು.

ಭಟ್ಟರು: ಹಾಗಾದ್ರೆ ಪುಣ್ಯಾತ್ಮ. ಆರತಿ ಎತ್ತೋಣ್ವಾ?

ಶ್ರೀರಾಮ್: ಛೆ ಛೆ! ಪ್ರಯಾಣಿಕರ ಎದೆಗೆ ಪಿಸ್ತೂಲು ಹಿಡಿದವನಿಗೆ ಆರತಿಯಾ?

ಭಟ್ಟರು: ಚುಚ್ಚಬಾರದು, ಆರತಿನೂ ಎತ್ತಬಾರದು. ಮತ್ತೆ ದೇವಿ ಏನು ಮಾಡ್ಬೇಕು, ಟಿಕೆಟ್ ಹರೀಬೇಕಾ?

ಶ್ರೀರಾಮ್: ಪೈಲಟ್‌ನ ಚುಚ್ಚಿದ್ರೆ?

ಭಟ್ಟರು: ಆಮೇಲೆ ವಿಮಾನ ಇಳಿಸೋರ್ಯಾರು, ನಾನಾ?

(ಭಟ್ಟರ ಹೆಂಡತಿ ಮನೋರಮಾ ದಡದಡ ಬಂದರು.)

ಮನೋರಮಾ: ರೀ, ಕರಿಕೆ ಹಳ್ಳಿ ಮಕ್ಕಳಿಗೆ ಅಂತ ನಿಮ್ಮ ಸಮಿತಿ ಸೇರಿಸಿದ ಔಷಧಿ ಪೆಟ್ಟಿಗೆ ಇನ್ನೂ ಉಗ್ರಾಣದಲ್ಲೇ ಕೂತಿದೆ! ಅಲ್ಲಿ ಶಾಲೆ ಮಕ್ಕಳೆಲ್ಲ ಜ್ವರದಲ್ಲಿ ಮಲಗಿದ್ದಾವಂತೆ. ಅಲ್ಲಿರೋ ನನ್ನ ತಂಗಿ ಹಂಸಿನಿ ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್.

ಶ್ರೀರಾಮ್: ದಸರಾ ಮುಗೀಲಿ ಅಕ್ಕ. ಈಗ ಜೀಪು ತುಂಬ ವಿಮಾನದ ರೆಕ್ಕೆ.

ಮನೋರಮಾ: ಜ್ವರಕ್ಕೇನು ದಸರಾ ರಜೆ ಇದೆಯಾ?

ಭಟ್ಟರು: ಸ್ವಲ್ಪ ಸುಮ್ನಿರೇ. ಇಲ್ಲಿ ರಾಕ್ಷಸ ಯಾರು ಅಂತಲೇ ತೀರ್ಮಾನ ಆಗಿಲ್ಲ!

(ಮನೋರಮಾ ಸೆರಗು ಬಿಗಿದು ಟ್ರ್ಯಾಕ್ಟರ್ ಹತ್ತಿದರು. ಕೀ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀಟಿನಲ್ಲಿ ಕೂತೇಬಿಟ್ಟರು.)

ಮನೋರಮಾ: ಆ ಪೆಟ್ಟಿಗೆ ಕರಿಕೆಗೆ ಹೊರಡೋವರೆಗೆ ಈ ವಿಮಾನ ಅಲ್ಲಾಡಲ್ಲ!

ಶ್ರೀರಾಮ್: ಅಕ್ಕಾ, ಇವತ್ತೇ ಮೆರವಣಿಗೆ! ಇದು... ಇದು ಅಪಹರಣ!

ಮನೋರಮಾ: ಹೌದು, ಏನೀಗ? ರೀ, ಈಗ ಮಾಡಿ ತೀರ್ಮಾನ. ನನಗೆ ತ್ರಿಶೂಲನಾ, ಆರತಿನಾ?

(ಭಟ್ಟರು ದೇವಿಯ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಶಲ್ಯದಿಂದ ಬೆವರು ಒರೆಸಿಕೊಂಡು, ಜೀಪಿನಿಂದ ರೆಕ್ಕೆ ಇಳಿಸತೊಡಗಿದರು.)

ಶ್ರೀರಾಮ್: ಭಟ್ರೇ, ಮತ್ತೆ ಸಂಹಾರ?

ಭಟ್ಟರು: ಈಗ ಆಯ್ತಲ್ಲ ಮಾರಾಯ, ನಮ್ಮಿಬ್ಬರದೂ! ಬಾ, ಪೆಟ್ಟಿಗೆಗೆ ಕೈ ಹಾಕು.