ನನ್ನ ಮೇಲಂಗುಳಕ್ಕೆ ಹೊಸದಾಗಿ ವರ್ಗವಾಗಿ ಬಂದ ರಿಟೇನರ್ ಅವರಿಗೆ

ಮಾನ್ಯರೇ,

ದೇವರ ದಯೆಯಿಂದ ನಾನೂ ನನ್ನ ಇಪ್ಪತ್ತೆಂಟು ಹಲ್ಲುಗಳೂ ಕ್ಷೇಮ. ತಾವೂ ತಮ್ಮ ನೀಲಿ ಡಬ್ಬಿಯಲ್ಲಿ ಕ್ಷೇಮವೆಂದು ನಂಬಿ, ಸಮವಸ್ತ್ರ ಹೊಲಿಯುವ ಕೋಣೆಯ ಮೂರನೇ ಮಿಷಿನ್ನಿನ ಮುಂದೆ ಕೂತು ಈ ಪತ್ರ ಬರೆಯುತ್ತಿದ್ದೇನೆ. ತಾವು ಬಾಯೊಳಗೆ ಇರುವಾಗ ತಮ್ಮ ಮೇಲಿನ ದೂರನ್ನು ಬಾಯಿಬಿಟ್ಟು ಹೇಳುವುದು ಕಷ್ಟ.

ನನ್ನ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದು ಇದ್ದದ್ದು, ಅದರಲ್ಲಿ ಮೂವತ್ತು ವರ್ಷ ನಾನು ನೂಲು ಸಿಕ್ಕಿಸಿಕೊಂಡು ಹೊಲಿದದ್ದು ತಮಗೆ ತಿಳಿಯದು. ದೇವರು ಕೊಟ್ಟ ಮೂರನೇ ಕೈ ಅದು. ಆದರೆ ನನ್ನ ಓರಗಿತ್ತಿ ಅದಕ್ಕೆ ‘ಕಿಂಡಿ’ ಎಂದು ಹೆಸರಿಟ್ಟಳು. ಹೆಸರು ಹಲ್ಲು ಬಿಟ್ಟು ನನಗೇ ಅಂಟಿಕೊಂಡಿತು. ನಗು ಬಂದಾಗಲೆಲ್ಲ ಕೈ ತಾನಾಗಿ ಬಾಯಿಗೆ ಅಡ್ಡ ಹೋಗತೊಡಗಿತು. ಅದನ್ನು ನೋಡಲಾರದೆ ಮಗಳು ನನ್ನನ್ನು ಹಲ್ಲಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಎರಡು ವರ್ಷ ತಂತಿ ಹೊತ್ತೆ. ತಂತಿ ಬಿಚ್ಚಿದ ದಿನ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನಕ್ಕೆ.

ಅಲ್ಲಿಗೆ ಮುಗಿಯಿತೆಂದು ಎದ್ದರೆ, ಡಾಕ್ಟರಮ್ಮ “ಎಲ್ಲಿಗೆ ಹೊರಟ್ರಿ? ಮಾರಿದ ಹಸು ಹಳೇ ಕೊಟ್ಟಿಗೆ ಹುಡ್ಕೊಂಡು ಬರೋ ಹಾಗೆ ಈ ಹಲ್ಲೂ ವಾಪಸ್ ಹೋಗ್ತವೆ” ಎಂದು, ಹಲ್ಲು ಸರಿಯದಂತೆ ಹಿಡಿಯುವ ಪ್ಲಾಸ್ಟಿಕ್ ಅಚ್ಚಾದ ತಮ್ಮ ಹಿಂದಿನವರನ್ನು ನನ್ನ ಬಾಯಿಗೆ ನೇಮಿಸಿದರು. ಆರು ತಿಂಗಳು ಹಗಲೂ ರಾತ್ರಿ ಹಾಕಬೇಕು, ಆಮೇಲೆ ರಾತ್ರಿ ಮಾತ್ರ ಸಾಕು, ಊಟಕ್ಕೆ ಮಾತ್ರ ತೆಗೆಯಬೇಕು, ತಣ್ಣೀರಲ್ಲೇ ತೊಳೆಯಬೇಕು ಎಂದು ಮಗಳು ಚೀಟಿ ಓದಿ ಹೇಳಿದಳು.

ಮಾನ್ಯರೇ, ಎಂಜಲು ಎಲ್ಲಾದರೂ ತಣ್ಣೀರಿಗೆ ಹೋಗುತ್ತದೆಯೇ? ಅದನ್ನು ಬಾಯಲ್ಲಿಟ್ಟುಕೊಂಡು ದೇವರ ಹೆಸರು ಹೇಗೆ ಹೇಳಲಿ? ಬೆಳಗಿನ ಪ್ರಾರ್ಥನೆಗೆ ಮುಂಚೆ ಅವರನ್ನು ಶುದ್ಧ ಮಾಡೋಣವೆಂದು ಭಕ್ತಿಯಿಂದಲೇ ಕುದಿಯುವ ನೀರಿಗೆ ಬಿಟ್ಟೆ. ನಾನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವರು ಬಿಸಿಲಿಗೆ ಬಿದ್ದ ಎಲೆಯ ಹಾಗೆ ಮುದುಡಿಕೊಂಡಿದ್ದರು. ಎಂಥ ಕೋಮಲ ಸ್ವಭಾವ! ಹಲ್ಲನ್ನೇ ಅಲುಗಾಡದಂತೆ ಹಿಡಿಯುವ ಧೀರರು ಒಂದು ಲೋಟ ಬಿಸಿನೀರಿಗೆ ಮನಸ್ಸು ಮುರಿದುಕೊಂಡರೆ ಹೇಗೆ?

ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ಅವಳು ಬೆಳಿಗ್ಗೆ “ಅಮ್ಮಾ, ಹಾಕ್ಕೊಂಡ್ಯಾ?” ಎಂದರೆ ತುಟಿ ಬಿಗಿದು ತಲೆಯಾಡಿಸಿದೆ. ತಲೆಯಾಡಿಸುವುದೂ ಸುಳ್ಳೇ ಎಂದು ಬಲ್ಲೆ. ಅದಕ್ಕೆ ದೇವರ ಮುಂದೆ ಪ್ರತ್ಯೇಕವಾಗಿ ತಪ್ಪೊಪ್ಪಿಕೊಂಡಿದ್ದೇನೆ. ನಾಲ್ಕನೇ ದಿನ ಒಂಟಿ ನೂಲು ಸಂದಿಯಲ್ಲಿ ನುಸುಳಿತು. ಒಂಬತ್ತನೇ ದಿನ ಜೋಡಿ ನೂಲು. ಹನ್ನೊಂದನೇ ದಿನ, ಪಕ್ಕದ ಮಿಷಿನ್ನಿನವಳು ಮಾತಿನ ಭರದಲ್ಲಿ ಒಂದು ಚಡ್ಡಿಗೆ ಮೂರು ಕಾಲು ಹೊಲಿದಿಟ್ಟಾಗ ಕೋಣೆಯೆಲ್ಲ ನಕ್ಕಿತು. ನನ್ನ ಕೈ ಮಾತ್ರ ಎದ್ದು ಬಾಯಿಗೆ ಅಡ್ಡ ನಿಂತಿತು. ಬುತ್ತಿ ಕೊಡಲು ಬಂದಿದ್ದ ಮಗಳು ಬಾಗಿಲಲ್ಲೇ ಅದನ್ನು ನೋಡಿದಳು. ಬಯ್ಯಲಿಲ್ಲ. ಹತ್ತಿರ ಬಂದು ಆ ಕೈಯನ್ನು ಕೆಳಗಿಳಿಸಿದಳು, ಅಷ್ಟೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಡಾಕ್ಟರಮ್ಮ ತಮ್ಮ ಹಿಂದಿನವರನ್ನು ಬೆಳಕಿಗೆ ಹಿಡಿದು “ಇದನ್ನ ತೊಳೆದ್ರೋ, ಬೇಯಿಸಿದ್ರೋ?” ಎಂದು ಕೇಳಿ, ಹೊಸ ಅಚ್ಚು ತೆಗೆದು ತಮ್ಮನ್ನು ಕಳಿಸಿದರು. ಬಂದ ಮೊದಲ ವಾರ ತಾವು ಹಲ್ಲುಗಳನ್ನು ಒತ್ತಿ ಒತ್ತಿ ಸಾಲಿಗೆ ತಂದ ಶಿಸ್ತನ್ನು ಹೊಗಳಲು ನನಗೆ ಮಾತು ಸಾಲದು. ಕಣ್ಣೀರು ಮಾತ್ರ ಸಾಕಷ್ಟಿತ್ತು.

ಆದ್ದರಿಂದ ಕೈಮುಗಿದು ಕೇಳುತ್ತೇನೆ: ಊಟದ ಹೊತ್ತಿಗೆ ತಾವಾಗಿಯೇ ಎದ್ದು, ಹಲ್ಲುಜ್ಜುವ ಮೆದು ಬ್ರಷ್ಷಿನಲ್ಲಿ ಮೈ ತಿಕ್ಕಿಕೊಂಡು, ಡಬ್ಬಿಗೆ ನಡೆದು ಹೋಗುವಂತಾಗಲಿ. ಬಿಡುವಿದ್ದರೆ ನನ್ನ ಓರಗಿತ್ತಿಯ ನಾಲಿಗೆಗೂ ಆರು ತಿಂಗಳು ಹಗಲೂ ರಾತ್ರಿ ಕಾವಲು ಕೂರಿ; ಆಮೇಲೆ ರಾತ್ರಿ ಮಾತ್ರ ಸಾಕು. ಇದ್ಯಾವುದೂ ಆಗದಿದ್ದರೆ ನನ್ನ ಈ ಕೈಯೊಂದು ಮಡಿಲಲ್ಲೇ ಇರುವಂತೆ ನೋಡಿಕೊಳ್ಳಿ. ಪ್ರಾರ್ಥನೆಯ ವಿಷಯ ದೇವರಲ್ಲಿ ಮಾತಾಡಿಕೊಂಡಿದ್ದೇನೆ. ತಣ್ಣೀರಲ್ಲಿ ತೊಳೆದದ್ದು ಅವನಿಗೆ ಸಾಕಂತೆ.

ಬಾಯಿತುಂಬ ತಮ್ಮನ್ನೇ ಇಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ಮಾಜಿ ಕಿಂಡಿ

ತಾ.ಕ.: ತಮ್ಮ ಹಿಂದಿನವರನ್ನು ಗುಂಡಿಗಳ ಡಬ್ಬಿಯಲ್ಲಿ, ತಮ್ಮ ಡಬ್ಬಿಯ ಎದುರಿಗೇ ಇಟ್ಟಿದ್ದೇನೆ. ನೀರು ಕುದಿಸುವ ಪಾತ್ರೆಯೂ ಒಲೆಯ ಪಕ್ಕದಲ್ಲೇ ಇದೆ. ಹೆದರಿಸುತ್ತಿಲ್ಲ, ಒತ್ತುವಾಗ ಸ್ವಲ್ಪ ನೆನಪಿರಲಿ ಎಂದೆ.