ತಿಕೋಟಾಕ್ಕ ಬಂದ ಹಾಡೂ ಪೆಟ್ಟಿಗಿ

ನಮ್ಮ ಮನ್ಯಾಗ ಯಾವುದರ ಒಂದು ಸಾಮಾನು ಸುಮ್ಮನ ಬಂದು ಸುಮ್ಮನ ಕುಂತದ್ದು ನಾ ಕಂಡಿಲ್ಲ. ಛತ್ರಿ ತಂದ್ರೂ ಒಂದು ಫಜೀತಿ, ಬೀಸೂ ಕಲ್ಲು ತಂದ್ರೂ ಒಂದು ಫಜೀತಿ. ಇನ್ನ ಹಾಡೂ ಪೆಟ್ಟಿಗಿ ಬಂದ್ರ ಬಿಟ್ಟೀತೇನ್ರಿ!

ದೊಡ್ಡ ಯುದ್ಧ ನಡದಿದ್ದ ಕಾಲ ಅದು. ನಾ ವಿಜಾಪುರದಾಕಿ. ತಿಕೋಟಾಕ್ಕ ಸೊಸಿಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ತವರಮನ್ಯಾಗ ಬಾಜೂ ಮನಿ ವಕೀಲರ ಗ್ರಾಮಾಫೋನ ಹಾಡಾಕತ್ತಿತಂದ್ರ ನಾ ಗ್ವಾಡಿಗೆ ಕಿವಿ ಹಚ್ಚಿ ಊಟಾ ಮರ್ತು ಕುಂದ್ರಾಕಿ. ಇಲ್ಲಿ ಬಂದು ನೋಡಿದ್ರ ಎತ್ತಿನ ಕೊರಳ ಗಂಟಿ ಬಿಟ್ರ ಬ್ಯಾರೆ ಸಂಗೀತ ಇಲ್ಲ. ಮಾರಿ ಇಳಿಬಿಟ್ಟುಕೊಂಡು ಅಡ್ಡಾಡತಿದ್ದೆ. ನಮ್ಮನಿಯವರು ಅದನ್ನ ನೋಡಿದ್ರು. ಅಲ್ಲಿಂದ ಸುರು ಆತು.

ತೂಕ ಬರೋಬ್ಬರಿ

ನಮ್ಮನಿಯವರು ಊರ ಸಾಲಿ ಮಾಸ್ತರು. ವಿಜಾಪುರದಾಗ ಯಾರೋ ಸಾಹೇಬರಿಗೆ ವರ್ಗ ಆಗಿ, ಅವರು ಬಿಟ್ಟು ಹೊಂಟಿದ್ದ ಹಳೇ ಗ್ರಾಮಾಫೋನ, ಅದರ ಹಿತ್ತಾಳಿ ಕಹಳಿ, ಆರು ಹಾಡಿನ ಪ್ಲೇಟು ಇವರ ಕೈಗೆ ಸಿಕ್ಕುವು. ಆಗ ಪೆಟ್ರೋಲ್ ಸಿಗತಿರಲಿಲ್ಲ, ಮೋಟಾರು ಇದ್ದಲಿ ಹೊಗಿ ಮ್ಯಾಲ ಓಡತಿತ್ತು. ಏರು ಬಂತಂದ್ರ ಕುಂತ ಮಂದಿ ಇಳದು ನೂಕಬೇಕು. ಇವರು ಕಹಳಿ ಹೆಗಲಿಂದ ಇಳಿಸಲಾರದ ಒಂದ ಕೈಲೆ ಮೋಟಾರ ನೂಕಿದ್ರಂತ!

ಮನಿಗೆ ಬಂದ ಕೂಡಲೆ ಪಡಸಾಲ್ಯಾಗ ಇಟ್ಟು, ಚಾವಿ ತಿರುವಿ, ಪ್ಲೇಟ್ ಹಚ್ಚಿದ್ರು. ಅಯ್ಯಯ್ಯ, ಏನ ಕೇಳ್ತೀರಿ! ಗಾಯಕಿ ಬಾಯಿಯವರೊಬ್ಬರ ಧ್ವನಿ ಕಹಳ್ಯಾಗಿಂದ ಉಕ್ಕಿ ಬಂತು. ನನ್ನ ಮೈಯಾಗ ಮುಳ್ಳೆದ್ದುವು, ಕಣ್ಣಾಗ ನೀರು ಬಂತು.

ನಮ್ಮ ಮಾವಾರದು ಜ್ವಾಳದ ಅಡತಿ ಅಂಗಡಿ. ಜೀವನದಾಗ ತಕ್ಕಡಿ ಬಿಟ್ರ ಮತ್ತೊಂದನ್ನ ನಂಬಿದವರಲ್ಲ. ಹಾಡು ಮುಗಿದ ಮ್ಯಾಲ, "ಇನ್ನೊಮ್ಮಿ ಹಚ್ಚು," ಅಂದ್ರು. ಹಚ್ಚಿದ್ರು. "ಮತ್ತೊಮ್ಮಿ." ಮತ್ತ ಹಚ್ಚಿದ್ರು. ಕಣ್ಣ ಮುಚ್ಚಿ ಕೇಳಿ ಅಂದ್ರು, "ಇರ್ಲಿ. ಆದ್ರ ಒಂದ ಮಾತು ನೆನಪಿಡ್ರಿ. ಇದರಿಂದ ಮನ್ಯಾಗ ಊಟಕ್ಕ ತ್ರಾಸ ಆತಂದ್ರ ಬಂದ ದಾರಿ ಹಿಡಸ್ತೀನಿ."

ನಾ ಅಂಜಿ ಪೆಟ್ಟಿಗಿಗೆ ಒತ್ತಿ ಕುಂತೆ. ನಮ್ಮನಿಯವರು ಮೆತ್ತಗ ಕೇಳಿದ್ರು, "ಹಾಡು ಹೆಂಗ ಅನಸ್ತಪ್ಪಾ?"

"ಹಾಡು ನನಗೇನ ತಿಳೀತೈತಿ? ಆದ್ರ ಮೂರ ಸಲಾ ತೂಗಿದೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮಿ ಇಲ್ಲ. ಇಷ್ಟು ನಿಯತ್ತಿನ ಮನಶಾ ನಮ್ಮ ಅಂಗಡ್ಯಾಗ ಒಬ್ಬನೂ ಇಲ್ಲ."

ಗಂಡಸರು ಬಂದ್ರು

ನಮ್ಮ ಅತ್ತಿ ಮಾತ್ರ ಮೊದಲ ದಿನಾನ ಮಾರಿ ತಿರುವಿದ್ಲು. "ನನಗ್ಯಾಕ ಬೇಕವ್ವಾ ಹಾಡು? ನನ್ನ ಒಲಿ, ನನ್ನ ರೊಟ್ಟಿ," ಅಂದು ಅಡಗಿ ಮನಿ ಸೇರಿದ್ಲು.

ಒಂದ ದಿನ ಮಧ್ಯಾಹ್ನ ಗಂಡಸರು ಯಾರೂ ಇರಲಿಲ್ಲ. ನಾ ಒಬ್ಬಾಕಿನ ಪ್ಲೇಟ್ ಹಚ್ಚಿಕೊಂಡು ಕುಂತಿದ್ದೆ. ಕಡೆಗಣ್ಣಿಲೆ ನೋಡ್ತೀನಿ, ಅತ್ತಿ ಬಾಗಲಾ ಹಿಡಕೊಂಡು ನಿಂತಾಳ! ಸೆರಗು ಹೆಗಲಿಗೆ ಜಾರಿದ್ದೂ ಗೊತ್ತಿಲ್ಲ, ತಲಿ ತೂಗಾಕತ್ತಾಳ. ನಾ ಖುಷಿಯಾಗಿ ಚಾವಿ ಕೊಡೂದು ಮರ್ತೆ. ಚಾವಿ ಇಳೀತ ಇಳೀತ ಹಾಡೂ ಬಾಯಿಯವರ ಧ್ವನಿ ದಪ್ಪ ಆಗಿ, ಆಗಿ, ಕಡೀಕ ಬರೋಬ್ಬರಿ ಪೈಲವಾನನ ಧ್ವನಿ ಆತು.

ಅತ್ತಿ ಹೌಹಾರಿ ಸೆರಗು ಮೂಗಿನ ತನಕ ಎಳಕೊಂಡು ಒಳಗ ಓಡಿದ್ಲು. ಅಲ್ಲಿಂದ ನನಗ ಬೈದದ್ದ ಬೈದದ್ದು: "ಗಂಡಸರು ಬಂದಾರಂತ ಒಂದ ಮಾತು ಹೇಳಬಾರದೇನಬೇ!"

ಯಾವ ಪ್ಲೇಟು, ಎಂಥಾ ರೊಟ್ಟಿ

ಅಂದಿನಿಂದ ಅತ್ತಿ ಬಾಗಲಕ್ಕ ಬರಲಿಲ್ಲ. ಬೆನ್ನ ಕೊಟ್ಟು ಒಲಿ ಮುಂದ ಕುಂದ್ರತಿದ್ಲು. ಕಿವಿ ಮಾತ್ರ ಪಡಸಾಲ್ಯಾಗ! ನಾ ಚುರುಕಿನ ಹಾಡು ಹಚ್ಚಿದ್ರ ಆಕಿ ಕೈ ಪಟಪಟ ಬಡೀತಿತ್ತು, ರೊಟ್ಟಿ ಕಾಗದದಂಗ ತೆಳ್ಳಗ ಆಗತಿದ್ದುವು. ನಿಧಾನದ ಹಾಡಿನ ಪ್ಲೇಟ್ ಒಂದಿತ್ತು, ಒಂದ ಅಕ್ಷರ ಎಳದ್ರ ನೀರಿಗೆ ಹೋಗಿ ಬರಬೇಕು, ಅಷ್ಟು ನಿಧಾನ. ಅದನ್ನ ಹಚ್ಚಿದ ದಿನ ಅತ್ತಿ ಕೈ ಒಮ್ಮಿ ಬಡದು ಸುಮ್ಮನ ನಿಂದ್ರತಿತ್ತು. ಹಿಟ್ಟು ತಟ್ಟಿದಲ್ಲೇ ದಪ್ಪಗ ಕುಂದ್ರತಿತ್ತು.

ಮಾವಾರು ಊಟಕ್ಕ ಕುಂತು ರೊಟ್ಟಿ ಮುರದ್ರು. ಮುರೀಲಿಲ್ಲ. ಎರಡೂ ಕೈಲೆ ಮುರದ್ರು. ನನ್ನ ಕಡೆ ನೋಡಿ ಅಂದ್ರು, "ಯವ್ವಾ, ಇವತ್ತ ಯಾವ ಪ್ಲೇಟ್ ಹಚ್ಚಿದ್ದಿ? ನಾಳಿಗೆ ಅದನ್ನ ಹಚ್ಚಬ್ಯಾಡ. ಇನ್ನೂ ಎಂಟ ಹಲ್ಲು ಉಳದಾವ ನನಗ."

ಮುಳ್ಳಿಗೊಂದು ಹಾಡು

ಆ ಪೆಟ್ಟಿಗಿಗೆ ಹಾಡಿಗೊಂದು ಹೊಸಾ ಸೂಜಿ ಬೇಕು. ಡಬ್ಬಿ ಎಷ್ಟ ದಿನ ಬಂದೀತು? ಮುಗೀತು. ನಮ್ಮನಿಯವರು ವಿಜಾಪುರದ ಪ್ಯಾಟಿ ತುಂಬ ತಿರಗಿದ್ರು. ಅಂಗಡಿಯಂವಾ ನಕ್ಕನಂತ, "ಮಾಸ್ತರ, ಇದ್ದ ಲೋಖಂಡ ಎಲ್ಲಾ ಗುಂಡು ಆಗಿ ಯುದ್ಧಕ್ಕ ಹೊಂಟೈತಿ. ನಿಮಗ ಸೂಜಿ ಎಲ್ಲಿಂದ ತರ್ಲಿ?"

ಎರಡ ದಿನ ಮನಿ ಸೂತಕದ ಮನಿ ಆದಂಗ ಆತು. ಮೂರನೇ ದಿನ ನಮ್ಮನಿಯವರಿಗೆ ಏನ ಹೊಳೀತೋ ಏನೋ, ಒಣಗಿದ ಜಾಲಿ ಮುಳ್ಳು ತಂದು, ಚಾಕುಲೆ ತುದಿ ಕೆತ್ತಿ, ಸೂಜಿ ಜಾಗಾದಾಗ ಸಿಗಿಸಿದ್ರು. ಹಾಡ್ತು ನೋಡ್ರಿ! ಮೊದಲಿನಕಿಂತ ಮೆತ್ತಗ, ಇಂಪಾಗಿ ಹಾಡ್ತು! ನಾ ಪಡಸಾಲ್ಯಾಗ ಗಿರಕಿ ಹೊಡದೆ.

ಜಾಲಿಗೇನ ಬರಗಾಲ ನಮ್ಮ ಸೀಮ್ಯಾಗ? ಹಾಡು ಕೇಳಾಕ ಬರೂ ಓಣಿ ಮಂದಿಗೆ ನಾ ಕಾಯಿದೆ ಮಾಡಿದೆ: ಬರೂಮುಂದ ತಲಿಗೊಂದು ಒಣಾ ಮುಳ್ಳು ತರಬೇಕು. ಯಾರು ತಲಿ ಪಟಗಾದಾಗ ಚುಚ್ಚಿಕೊಂಡು ಬರ್ತಿದ್ರು, ಯಾರು ಸೆರಗಿನ ಗಂಟಿನ್ಯಾಗ ತರ್ತಿದ್ರು. ಹಿಂದಿನ ಓಣಿ ಆಯಿ ಒಬ್ಬಾಕಿ ಮಾತ್ರ ಬರಿಗೈಲೆ ಕುಂಟಿಕೋತ ಬಂದ್ಲು.

"ಆಯಿ, ನಿನ್ನ ಮುಳ್ಳ ಎಲ್ಲಿ?" ಅಂದೆ.

"ತಂದೇನವಾ," ಅಂದಾಕಿ ಕಟ್ಟಿ ಮ್ಯಾಲ ಕುಂತು ಅಂಗಾಲು ಎತ್ತಿ ತೋರಿಸಿದ್ಲು. "ಹೊಲದಾಗ ಆರಸೂಮುಂದ ತಾನಾಗೇ ಹೊಕ್ಕೈತಿ. ನೀನ ತಗದಕೋ. ಗಟ್ಟಿ ಐತಿ, ಎರಡ ಹಾಡು ಬರ್ತಾವ."

ಬರಿ ಭಾಂಡಿ

ಬಬಲೇಶ್ವರಕ್ಕ ಕೊಟ್ಟ ನಮ್ಮ ನಾದಿನಿ ಬ್ಯಾಸಿಗ್ಯಾಗ ಬಂದಿದ್ಲು. ಹೊಂಟ ನಿಂತು, "ನಮ್ಮ ಬಾಜೂ ಮನ್ಯಾಗೂ ಪೆಟ್ಟಿಗಿ ಐತಿ, ಒಂದ ಪ್ಲೇಟ್ ಕೊಡ್ರಿ, ಎಂಟ ದಿನದಾಗ ಹೊಳ್ಳಿ ಕಳಸ್ತೀನಿ," ಅಂದ್ಲು. ಮಾವಾರು ತಾವ ಎದ್ದು ಹೋಗಿ ಆರಿಸಿ ಕೊಟ್ರು. ಯಾವುದಂತೀರಿ? ಆ ದಪ್ಪ ರೊಟ್ಟಿ ಪ್ಲೇಟು!

ಆಕಿ ಅದನ್ನ ಚಕ್ಕಡ್ಯಾಗ ಚೀಲದ ಮ್ಯಾಲ ಬಿಸಲಿಗೆ ಇಟ್ಟುಕೊಂಡು ಹ್ವಾದ್ಲು. ನಮ್ಮ ಕಡಿ ಬಿಸಲು ಕೇಳಬೇಕೇನು? ಊರು ಮುಟ್ಟೂದ್ರಾಗ ಪ್ಲೇಟು ಮೆತ್ತಗಾಗಿ, ಅಂಚೆಲ್ಲಾ ಮ್ಯಾಲೆದ್ದು ಬುಟ್ಟಿ ಆಗಿತ್ತು. ಎಂಟ ದಿನಕ್ಕ ಬರೋಬ್ಬರಿ ಹೊಳ್ಳಿ ಬಂತು. ತಂದ ಚಕ್ಕಡಿಯಂವಾ ತಲಿ ಕೆರಕೊಂಡು ಹೇಳಿದ, "ಅಕ್ಕಾರು ತಪ್ಪಾತು ಅಂದಾರ್ರಿ. ಬರಿ ಭಾಂಡಿ ಹೊಳ್ಳಿ ಕಳಸಬಾರ್ದಂತ ರೊಟ್ಟಿಗೆ ಹಚ್ಚಿಕೊಳ್ಳಾಕ ಶೇಂಗಾ ಹಿಂಡಿ ತುಂಬ್ಯಾರ."

ನಡುವಿನ ತೂತಿಗೆ ನಾದಿದ ಹಿಟ್ಟು ಮೆತ್ತಿದ್ಲು ಪುಣ್ಯಾತಗಿತ್ತಿ! ಮಾವಾರು ಬೆರಳಿಲೆ ಹಿಂಡಿ ತಗೊಂಡು ಚಪ್ಪರಿಸಿ ಅಂದ್ರು, "ಈ ಪ್ಲೇಟಿನ ರುಚಿ ನನಗ ಇವತ್ತ ಗೊತ್ತಾತು ನೋಡು."

ನಿಡೋಣಿ ಎಮ್ಮಿ

ನಾ ಅಂಜಿದ ದಿನ ಕಡೀಕೂ ಬಂತು. ಹಾಡು ಕೇಳಾಕ ಬಂದ ಮಂದೀನ ಚಾ ಕೊಡಲಾರದ ಕಳಸಾಕ ಬರ್ತೈತೇನು? ದಿನಾ ಸಂಜಿಮುಂದ ಮನಿ ಹಾಲೆಲ್ಲಾ ಚಾಕ್ಕ ಹೋಗತಿತ್ತು. ಒಂದ ದಿನ ಮಾವಾರು ತಾಟಿನ ಮುಂದ ಕುಂತು ಮಸರು ಕೇಳಿದ್ರು. ಇರಲಿಲ್ಲ. ಎರಡನೇ ದಿನ ಕೇಳಿದ್ರು. ಇರಲಿಲ್ಲ.

"ಓಣಿಗೆಲ್ಲಾ ಚಾ, ನನಗ ಒಣಾ ರೊಟ್ಟಿ! ಮೊದಲ ದಿನಾನ ಹೇಳಿದ್ದೆ ಇಲ್ಲೋ?" ಅಂದು ಎದ್ದವರು ಮರುದಿನ ವ್ಯವಹಾರ ಮುಗಿಸೇ ಬಂದ್ರು. ನಿಡೋಣಿ ರೈತ ಒಬ್ಬಂವಾ ಜ್ವಾಳ ಹೇರಿಕೊಂಡು ಅಂಗಡಿಗೆ ಬರ್ತಿದ್ದ. ಅವನ ಮಗನ ಲಗ್ನ ಇತ್ತು, ಹಂದರದಾಗ ಹಾಡೂ ಪೆಟ್ಟಿಗಿ ಇಡಬೇಕಂತ ಹಟಾ ಅವಂದು. ಅವನ ಹಂತ್ಯಾಕ ಒಂದು ಎಮ್ಮಿ. ಮುದಕಿ, ಆದ್ರ ಇನ್ನೂ ಹಾಲು ಕೊಡತಿತ್ತು. ಪೆಟ್ಟಿಗಿ ಅವಗ, ಎಮ್ಮಿ ನಮಗ.

"ಹಾಡು ಹೋತಂದ್ರ ಮಂದಿ ಬರೂದಿಲ್ಲ. ಎಮ್ಮಿ ಬಂತಂದ್ರ ಹಾಲು ಉಳೀತೈತಿ. ಎರಡೂ ಕಡಿ ಲಾಭ," ಅಂದ್ರು ಮಾವಾರು.

ನಾ ರಾತ್ರಿಯೆಲ್ಲಾ ಅತ್ತೆ. ನಮ್ಮನಿಯವರು ಅಪ್ಪನ ಮುಂದ ಬಾಯಿ ಬಿಡೂ ಪೈಕಿ ಅಲ್ಲ. ಪೆಟ್ಟಿಗಿ ಒರಸಿದ್ದನ್ನ ಮತ್ತ ಒರಸಿದ್ರು. ಅತ್ತಿ ಅಂತೂ ತನ್ನಷ್ಟಕ್ಕ ರೊಟ್ಟಿ ಬಡಕೋತ ಕುಂತ್ಲು. ಈಕೀಗೇನು, ಪೀಡಾ ತೊಲಗಲಿ ಅಂತಿರಬೇಕು ಅಂತ ನನಗ ಒಳಗ ಸಿಟ್ಟು ಬಂತು.

ಮುಂಜಾನೆದ್ದು ನಿಡೋಣಿಯಂವಾ ಬಂದು ಬಾಗಲದಾಗ ಎಮ್ಮಿ ಕಟ್ಟಿದ. ಪೆಟ್ಟಿಗಿ ಎತ್ತಬೇಕು, ಅಷ್ಟರಾಗ ಅತ್ತಿ ಒಳಗಿಂದ ಜ್ವಾಳ ಕೇರೂ ಮರಾ ಹಿಡಕೊಂಡು ಬಂದ್ಲು. ಮರದಾಗ ಅಕ್ಕಿ, ಅಡಕಿ, ಅರಿಷಿಣ ಬೇರು, ಹೊಸಾ ಖಣ, ಐದ ದಪ್ಪ ದಪ್ಪ ಉತ್ತತ್ತಿ.

"ಇದೇನ ಬೇ?" ಅಂದ್ರು ಮಾವಾರು.

"ಅಲ್ರೀ, ಇಷ್ಟ ದಿನಾ ನಮ್ಮನ್ಯಾಗ ಕುಂತು ಹಾಡಿದ ಮುತ್ತೈದಿ ಆಕಿ. ಬರಿ ಉಡೀಲೆ ಕಳಿಸಿದ್ರ ನಿಮ್ಮ ಮನಿತನಕ್ಕ ಮಂದಿ ಏನಂದಾರು? ಉಡಿ ತುಂಬಬ್ಯಾಡೇನು?"

"ಚೀಟಿ ಮ್ಯಾಲ ಸಿಗೂ ಕಂಟ್ರೋಲ್ ಅಕ್ಕಿ ಬೇ ಅದು! ಪೆಟ್ಟಿಗಿಗೆ ಹಾಕ್ತಿ?"

ನಿಡೋಣಿಯಂವಾ ಕೈ ಮುಗದ. "ಅವ್ವಾರು ಹೇಳೂದು ಖರೇ ಐತ್ರಿ. ನಮ್ಮನಿಗೆ ಬರೂ ಹೆಣ್ಣಮಗಳು. ತುಂಬ್ಲಿ ಬಿಡ್ರಿ."

ಸೆರಗು ಒಡ್ಡಿದಂಗ ಬಾಯಿ ತಗದಿದ್ದ ಕಹಳಿಗೆ ಅತ್ತಿ ಕುಂಕುಮ ಹಚ್ಚಿದ್ಲು. ಖಣ ಪೆಟ್ಟಿಗಿ ಮ್ಯಾಲ ಇಟ್ಲು. ಮೊದಲ ಐದ ಉತ್ತತ್ತಿ ಒಳಗ ಬಿಟ್ಲು. ಲಟ್ಟಣಿಗಿ ತುದೀಲೆ ಒಂದೀಟು ಒತ್ತಿದ್ಲು. "ಉಡಿ ಚೆಲ್ಲಬಾರ್ದು, ಅಪಶಕುನ," ಅಂದ್ಲು. ಆಮ್ಯಾಲ ಅಡಕಿ, ಅರಿಷಿಣ ಬೇರು. ಮ್ಯಾಲ ಐದ ಬೊಗಸಿ ಅಕ್ಕಿ.

"ಒಂದ ಹಾಡು ಕೇಳಸ್ರಿ, ಒಯ್ತೀನಿ," ಅಂದ ನಿಡೋಣಿಯಂವಾ.

ನಾ ಕಣ್ಣ ಒರಸಿಕೋತ ಚಾವಿ ಕೊಟ್ಟು ಪ್ಲೇಟ್ ಹಚ್ಚಿದೆ. ಗೊರ್ರ್... ಖೊಕ್... ಗೊರ್ರ್... ಖೊಕ್ ಖೊಕ್! ಅಂವಾ ಗಾಬರಿಯಾಗಿ ಕಹಳಿಗೆ ಕಿವಿ ಹಚ್ಚಿದ.

"ಸಾವಕಾರ್ರ, ಇದಕ್ಕ ದಮ್ಮು ಐತ್ರಿ!"

"ದಮ್ಮಲ್ಲೋ ಮಾರಾಯಾ! ಅಕ್ಕಿ ಹಾಕಿದ್ದು ನೀನ ನೋಡಿದೆಲ್ಲ? ಬಗ್ಗಿಸಿದ್ರ ಎಲ್ಲಾ ಬೀಳ್ತೈತಿ."

"ನೋಡಿದ್ದಕ್ಕ ಹೇಳಾಕತ್ತೇನ್ರಿ. ಐದ ಬೊಗಸಿಗೆ ಉಸರ ಕಟ್ಟಿತು. ಲಗ್ನದಾಗ ನಾಕ ಊರ ಮಂದಿ ಅಕ್ಕಿಕಾಳ ಒಗೀತಾರ. ಅಲ್ಲಿ ಜೀವಾನ ಬಿಟ್ಟೀತು! ಶುಭ ಕಾರ್ಯದಾಗ ಬ್ಯಾಡ್ರಿಯಪ್ಪಾ."

ಅಂದಂವಾ ಎಮ್ಮಿ ಹಗ್ಗಾ ಬಿಚ್ಚಿಕೊಂಡು ಹೊಂಟ. ಮಾವಾರು ಊರ ಅಗಸಿ ಬಾಗಲಾ ತನಕ ಬೆನ್ನ ಹತ್ತಿದ್ರು. ಅಂವಾ ಹೊಳ್ಳಿ ನೋಡಲಿಲ್ಲ. ಎಮ್ಮೀನೂ ನೋಡಲಿಲ್ಲ.

ಇತ್ತ ನಮ್ಮನಿಯವರು ಕಹಳಿ ಬಿಚ್ಚಿ ಬಗ್ಗಿಸಿದ್ರು. ಅಕ್ಕಿ, ಅಡಕಿ, ಅರಿಷಿಣ ಎಲ್ಲಾ ಸೊರ್ ಅಂತ ಬಿದ್ದುವು. ಉತ್ತತ್ತಿ ಕಡ್ಡಿ ಹಾಕಿ ತಗೀಬೇಕಾತು. ಅತ್ತಿ ಒಂದ ಕಾಳೂ ಬಿಡಲಾರದ ಸೆರಗಿನ್ಯಾಗ ಹಿಡದ್ಲು. ಕಹಳಿ ಕೂಡಿಸಿ ಪ್ಲೇಟ್ ಹಚ್ಚಿದ್ರ ಆ ಬಾಯಿಯವರ ಧ್ವನಿ ಗಂಟಿ ಹೊಡದಂಗ ಬಂತು! ನಾ ಕುಣಿದೆ, ಖರೇನ ಕುಣಿದೆ, ಮಾವಾರು ಬಾಗಲದಾಗ ನಿಂತದ್ದೂ ನೋಡಲಿಲ್ಲ.

ಅವರು ಅತ್ತಿ ಕಡೆ ನೋಡಿದ್ರು. "ಗೊತ್ತಿದ್ದ ಮಾಡಿದೆಲ್ಲ?"

"ನನಗೇನ ಗೊತ್ರೀ? ಮುತ್ತೈದಿಗೆ ಉಡಿ ತುಂಬಿದೆ. ಆಕಿ ಹೋಗೂದಿಲ್ಲಂತ ಹಟಾ ಹಿಡದ್ರ ನಾ ಏನ ಮಾಡ್ಲಿ?" ಅಂದಾಕಿ ನನಗ ಹೇಳಿದ್ಲು, "ಯವ್ವಾ, ನಾಳಿಯಿಂದ ಮಂದಿಗೆ ಮುಳ್ಳಿನ ಸಂಗಾಟ ಒಂದ ಬಟ್ಟಲ ಹಾಲೂ ತರಾಕ ಹೇಳು. ನಿಮ್ಮ ಮಾವಗ ಮಸರು ತಪ್ಪಬಾರ್ದು."

ಮಾವಾರು ಧೊಪ್ಪಂತ ಕುಂತು ನಗಾಕತ್ತಿದ್ರು. "ಮೂವತ್ತ ವರ್ಷ ತಕ್ಕಡಿ ಹಿಡದೇನಿ, ನಿನ್ನ ಮಾತ್ರ ತೂಗಾಕ ಬರಲಿಲ್ಲಲ್ಲ ಬೇ!"

ಅತ್ತಿ ಆವತ್ತ ಮೊದಲ ಸಲ ಪಡಸಾಲ್ಯಾಗ ಪೆಟ್ಟಿಗಿ ಎದುರಿಗೇ ಕುಂತ್ಲು. ಅಕ್ಕಿ ಮರಕ್ಕ ಸುರುವಿದ್ಲು. ಐದ ಉತ್ತತ್ತಿ ಮಾತ್ರ ಒರಸಿ ಸೆರಗಿನ ತುದಿಗೆ ಗಂಟು ಹಾಕಿದ್ಲು.

"ಅವನ್ನ ಯಾಕ ಕಟ್ಟಿಕೊಂಡಿ ಅತ್ತಿ? ತಿನ್ನೂಣು ಕೊಡು," ಅಂದೆ.

"ಇರ್ಲಿ ಬಿಡವ್ವಾ," ಅಂದ್ಲು ಮೆತ್ತಗ, "ಮತ್ತ ಯಾರರ ಎಮ್ಮಿ ಹಿಡಕೊಂಡು ಬಂದ್ರ ಬೇಕಾಕ್ಕಾವ."