ನಮ್ಮ ನಡುಗೋಡೆಯ ವಿಷಯವಾಗಿ ಉದ್ದ ತೋಳಿನ ಯಂತ್ರದವರಿಗೆ

ಪಕ್ಕದ ಕಟ್ಟಡವನ್ನು ಕೆಡವಲೆಂದು ಬಂದು ತಗಡಿನ ಬೇಲಿಯೊಳಗೆ ಬಿಡಾರ ಹೂಡಿರುವ ಮಾನ್ಯ ಉದ್ದ ತೋಳಿನ ಯಂತ್ರದವರಿಗೆ, ಬೇಲಿಯ ಈಚೆಗಿನ ಹೆಂಚಿನ ಮನೆಯಲ್ಲಿ ಹೊಲಿಗೆ ಕೆಲಸ ಮಾಡಿಕೊಂಡಿರುವ ನನ್ನ ಅನಂತ ವಂದನೆಗಳು. ತಾವು ಕ್ಷೇಮವೆಂಬುದನ್ನು ತಗಡಿನ ಸಂದಿಯಿಂದ ದಿನಕ್ಕೆ ನಾಲ್ಕೈದು ಸಲ ಇಣುಕಿ ತಿಳಿದುಕೊಳ್ಳುತ್ತಿದ್ದೇನೆ. ನಾವೂ ಸದ್ಯಕ್ಕೆ ಕ್ಷೇಮ. ‘ಸದ್ಯಕ್ಕೆ’ ಎಂದು ಯಾಕೆ ಬರೆದೆ ಎನ್ನುವುದೇ ಈ ಪತ್ರದ ವಿಷಯ.

ಮಾನ್ಯರೇ, ಮೊದಲು ಒಂದು ಕನಸನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಮೊನ್ನೆ ಊಟವಾದ ಮೇಲೆ ಹೊಲಿಗೆ ಮಷಿನ್ನಿನ ಮೇಲೇ ತಲೆಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದವಳಿಗೆ, ತಾವು ನಮ್ಮ ಅಡುಗೆಮನೆಗೆ ಬಂದ ಹಾಗಾಯಿತು. ಬಾಗಿಲಿನಿಂದ ಅಲ್ಲ. ಬಂದವರು ಬಹಳ ಮರ್ಯಾದೆಯಿಂದ ಒಂದು ಫಾರಂ ಮುಂದೆ ಹಿಡಿದು ಸಹಿ ಕೇಳಿದಿರಿ, ನಾನು ಪೆನ್ನು ಹುಡುಕುವುದರೊಳಗೆ ನಮ್ಮ ಅತ್ತೆಯವರನ್ನು ಮಂಚದ ಸಮೇತ ಎತ್ತಿ ಬೀದಿಯಲ್ಲಿಟ್ಟಿರಿ. ಅವರಿಗೆ ಎಚ್ಚರವೇ ಆಗಲಿಲ್ಲ. ಕೂಗೋಣವೆಂದರೆ ನನ್ನ ಬಾಯಿ ತುಂಬ ಸುಣ್ಣದ ಪುಡಿ. ಧಡಕ್ಕನೆ ಎದ್ದು ನೋಡಿದರೆ ತುಟಿಯ ಮೇಲೆ ನಿಜವಾಗಿಯೂ ಪುಡಿಯಿತ್ತು. ಕನಸಿನದೋ, ತಮ್ಮ ಕಡೆಯದೋ ಎಂದು ಬೆರಳಲ್ಲಿ ಉಜ್ಜಿ ಪರೀಕ್ಷೆ ಮಾಡಿದೆ. ತಮ್ಮ ಕಡೆಯದೇ.

ಇದನ್ನೆಲ್ಲ ದೊಡ್ಡವರಿಗೆ ಬರೆಯುವುದು ಬಿಟ್ಟು ನನಗ್ಯಾಕೆ ಬರೆಯುತ್ತೀರಿ ಎಂದು ತಾವು ಕೇಳಬಹುದು. ನಾನು ಕೇಳದ ದೊಡ್ಡವರಿಲ್ಲ. ಮೇಸ್ತ್ರಿಯವರು, “ಅಯ್ಯೋ ಹೋಗಮ್ಮ, ನಮ್ಮ ಮಷಿನ್ ಬೆಣ್ಣೆ ತೆಗೆದ ಹಾಗೆ ತೆಗೆಯುತ್ತೆ” ಎಂದರು. ಎಂಜಿನಿಯರ್ ಸಾಹೇಬರು, “ಎಲ್ಲಾ ಮಷಿನ್ ನೋಡ್ಕೊಳ್ಳುತ್ತೆ, ನೀವು ತಲೆ ಕೆಡಿಸ್ಕೋಬೇಡಿ” ಎಂದರು. ಲಾರಿ ಹತ್ತಿ ಹೋಗಿರುವ ನಮ್ಮ ಯಜಮಾನರು ಫೋನಿನಲ್ಲೇ, “ಏನೂ ಆಗಲ್ಲ ಬಿಡೇ” ಎಂದು ಧೈರ್ಯ ಕಳಿಸಿದರು. ಧೈರ್ಯ ಬಂದು ತಲುಪಿತು, ಅದನ್ನು ಎಲ್ಲಿಡುವುದೋ ಗೊತ್ತಾಗಲಿಲ್ಲ. ಹೀಗೆ ಎಲ್ಲರ ಬೆರಳೂ ತಮ್ಮ ಕಡೆಗೇ ತೋರಿದ್ದರಿಂದ, ಮತ್ತು ಈ ಇಡೀ ಕೆಲಸದಲ್ಲಿ ಯಾವ ಕಾಗದಕ್ಕೂ ಇನ್ನೂ ಸಹಿ ಹಾಕದವರು ತಾವೊಬ್ಬರೇ ಆಗಿರುವುದರಿಂದ, ತಮ್ಮನ್ನೇ ನಂಬಿ ಬರೆಯುತ್ತಿದ್ದೇನೆ.

ತಮ್ಮ ಕಂಪನಿಯವರ ಮುಂಜಾಗ್ರತೆಯನ್ನು ಎಷ್ಟು ಹೊಗಳಿದರೂ ಸಾಲದು. ಸುರಕ್ಷಿತವಾಗಿ ಕೆಡವುವ ಯೋಜನೆಯೆಂದು ಎಂಬತ್ತನಾಲ್ಕು ಪುಟದ ಬಣ್ಣದ ಪುಸ್ತಕವನ್ನೇ ಮಾಡಿದ್ದಾರೆ, ನಮಗೂ ಒಂದು ಪ್ರತಿ ಕೊಟ್ಟಿದ್ದಾರೆ. ಏಳನೆಯ ಕ್ಲಾಸನ್ನು ಅರ್ಧಕ್ಕೆ ಬಿಟ್ಟ ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಹದಿನಾಲ್ಕು ದಿನ ಓದಿದೆ. ಮೊದಲು ಕರೆಂಟು, ನೀರು, ಗ್ಯಾಸು ಕತ್ತರಿಸಬೇಕು. ಆಮೇಲೆ ಬಾಗಿಲು ಕಿಟಕಿಗಳನ್ನು ಕೈಯಿಂದ ಬಿಚ್ಚಬೇಕು. ಮೇಲಿನ ಮಹಡಿಗಳನ್ನು ಮೇಲಿನಿಂದಲೇ ಒಂದೊಂದಾಗಿ ಇಳಿಸಿಕೊಂಡು ಬರಬೇಕು. ಧೂಳೇಳದಂತೆ ನೀರು ಹೊಡೆಯುತ್ತಿರಬೇಕು. ಎಷ್ಟು ಚಂದ! ಸೂರಿನಲ್ಲಿ ಗೂಡು ಕಟ್ಟಿರುವ ಪಾರಿವಾಳಗಳನ್ನು ಹೆದರಿಸದೆ ಎಬ್ಬಿಸುವುದು ಹೇಗೆಂದು ಎರಡು ಪುಟವಿದೆ. ನಮ್ಮ ಮನೆಯ ಬಗ್ಗೆ ಒಂದು ಸಾಲಿದೆ: ‘ಪಕ್ಕದ ಮನೆಯ ಗೋಡೆ ಪ್ರತ್ಯೇಕವಾಗಿದ್ದು, ಅಲ್ಲಿಯವರು ಮನೆ ಬಿಡುವ ಅಗತ್ಯವಿಲ್ಲ.’ ಗೇಟಿನಲ್ಲಿ ‘ಅಪಘಾತವಿಲ್ಲದೆ ಕಳೆದ ದಿನಗಳು: ೧೧೨’ ಎಂದು ಫಲಕ ಹಾಕಿದ್ದಾರೆ. ಕೆಲಸ ಶುರುವಾಗಿ ಇಪ್ಪತ್ತು ದಿನವಾಗಿದೆ. ಶುರುವಾಗುವ ಮೊದಲೂ ಅಪಘಾತ ಮಾಡದೆ ಇದ್ದ ಅವರ ಸಂಯಮಕ್ಕೆ ನಾನು ಕೈಮುಗಿಯುತ್ತೇನೆ.

ಅಷ್ಟೇ ಅಲ್ಲ, ಗೋಡೆ ಅದುರಿದರೆ ತಿಳಿಯಲಿ ಎಂದು ನಮ್ಮ ಕಡೆ ಒಂದು ಪುಟ್ಟ ಡಬ್ಬಿ ಅಂಟಿಸಿದ್ದಾರೆ. ಹಸಿರು ದೀಪ ಬಂದರೆ ಕ್ಷೇಮ, ಹಳದಿ ಬಂದರೆ ಎಚ್ಚರಿಕೆ, ಕೆಂಪು ಬಂದರೆ ಫೋನು ಮಾಡಬೇಕು. ಮೊದಲ ದಿನವೇ ಹಳದಿ ಬಂತು. ಓಡಿಬಂದು ನೋಡಿದ ಪರೀಕ್ಷಕರು, ಅದುರುವಿಕೆ ನನ್ನ ಹೊಲಿಗೆ ಮಷಿನ್ನಿನದೆಂದು ಕಂಡುಹಿಡಿದು, “ಕಟ್ಟಡ ಕೆಡವಿ ಮುಗಿಯೋವರೆಗೂ ನೀವು ಸ್ವಲ್ಪ ನಿಧಾನಕ್ಕೆ ಹೊಲೀರಿ” ಎಂದು ಬುದ್ಧಿ ಹೇಳಿ ಹೋದರು. ಮೂರು ಮಹಡಿಯ ಕಟ್ಟಡಕ್ಕೆ ನನ್ನಿಂದ ಧಕ್ಕೆಯಾಗಬಾರದೆಂದು ಆವತ್ತಿನಿಂದ ಗುಂಡಿ, ಕಾಜಾಗಳನ್ನೆಲ್ಲ ಕೈಯಲ್ಲೇ ಹಾಕುತ್ತಿದ್ದೇನೆ.

ಈಗ ಮೇಲಿನ ಎರಡು ಮಹಡಿ ಇಳಿದಿವೆ. ಉಳಿದ ನೆಲಮಹಡಿಗೆ ಬರುವ ಸೋಮವಾರ ಬೆಳಿಗ್ಗೆ ಎಂಟಕ್ಕೆ ತಾವು ಕೈ ಹಾಕುತ್ತೀರಂತೆ. ಮಾನ್ಯರೇ, ನನ್ನ ದೂರು ಇಲ್ಲಿದೆ. ಆ ಕಟ್ಟಡಕ್ಕೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಎರಡು ಮನೆಯ ಹಿರಿಯರೂ ಸ್ನೇಹಿತರಾಗಿದ್ದ ಕಾಲದಲ್ಲಿ ಇಟ್ಟಿಗೆ ಉಳಿಸೋಣವೆಂದು ಒಂದೇ ಎಬ್ಬಿಸಿದರಂತೆ. ಸ್ನೇಹ ಹೋಯಿತು, ಗೋಡೆ ಉಳಿಯಿತು. ನಮ್ಮ ಸೂರಿನ ಮೂರು ತೊಲೆಗಳು ಕೂತಿರುವುದು ಅದರ ಮೇಲೆ. ಅತ್ತೆಯವರ ಮಂಚದ ತಲೆಯಿರುವುದು ಅದರ ಬುಡಕ್ಕೆ. ಯೋಜನೆಯ ನಕ್ಷೆಯಲ್ಲಿ ಮಾತ್ರ ಎರಡು ಗೋಡೆಗಳಿವೆ, ನಡುವೆ ಎರಡು ಇಂಚು ಗಾಳಿಯಿದೆ, ಆ ಗಾಳಿಯವರೆಗೆ ಕೆಡವತಕ್ಕದ್ದೆಂದು ಬರೆದಿದೆ.

ಇದರಲ್ಲಿ ನನ್ನ ತಪ್ಪೂ ಉಂಟು, ಮುಚ್ಚಿಡುವುದಿಲ್ಲ. ನಲವತ್ತು ವರ್ಷದಿಂದ ಅತ್ತೆಯವರಿಗೂ ಈಗ ಕೆಡವುತ್ತಿರುವ ಆಚೆ ಮನೆಯ ದೊಡ್ಡಮ್ಮನವರಿಗೂ ಗೋಡೆ ಯಾರದ್ದೆಂಬ ವಿಷಯದಲ್ಲಿ ಮಾತಿಗೆ ಮಾತು. ಇವರು ಮೊಳೆ ಹೊಡೆದರೆ ಅವರ ಕಡೆ ಗಾರೆ ಉದುರುತ್ತಿತ್ತು, ಅವರು ಕಪಾಟು ಕೂರಿಸಿದರೆ ನಮ್ಮ ಕನ್ನಡಿ ಬೀಳುತ್ತಿತ್ತು. ನಕ್ಷೆ ಮಾಡಲು ಸರ್ವೆಯವರು ಬಂದು, “ಈ ಗೋಡೆ ನಿಮ್ಮದಾ?” ಎಂದು ಕೇಳಿದಾಗ ನಾನು ಇಬ್ಬರದ್ದೂ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮಂಚದಿಂದ ಅತ್ತೆಯವರು, “ನಮ್ಮದೇ ಅಂತ ಬರೆಸೇ! ಅವಳಿಗೆ ಹೆದರ್ತೀಯಾ?” ಎಂದು ಗುಡುಗಿದರು. ನಾನು ಅವಳಿಗೆ ಹೆದರಲಿಲ್ಲ, ಇವರಿಗೆ ಹೆದರಿ ಸಹಿ ಹಾಕಿದೆ. ಆವತ್ತೇ ಮಧ್ಯಾಹ್ನ ದೊಡ್ಡಮ್ಮನವರೂ ನಮ್ಮದೇ ಎಂದು ಸಹಿ ಹಾಕಿದರು. ಸರ್ವೆಯವರು ಬಲು ಒಳ್ಳೆಯ ಸ್ವಭಾವದವರು; ಯಾರ ಮನಸ್ಸನ್ನೂ ನೋಯಿಸದೆ ಇಬ್ಬರಿಗೂ ಒಂದೊಂದು ಗೋಡೆ ದಯಪಾಲಿಸಿ ಹೋದರು.

ಗೋಡೆ ಒಂದೇ ಎಂಬುದಕ್ಕೆ ಪುರಾವೆಯೇನು ಎಂದರೆ, ಹೋದ ಬುಧವಾರ ನಾನು ಒಲೆಯ ಮೇಲೆ ಹಾಲಿಟ್ಟು ಮುಂದಿನ ಕೋಣೆಯಲ್ಲಿ ಒಂದು ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಿದ್ದಾಗ, ಅಡುಗೆಮನೆಯಿಂದ ಗಂಡಸಿನ ದನಿ ಬಂತು: “ಅಕ್ಕಾ, ಹಾಲು ಉಕ್ತಾ ಇದೆ!” ಕೈಯಲ್ಲಿದ್ದ ಕತ್ತರಿ ಸಮೇತ ಓಡಿದೆ. ಯಾರೂ ಇಲ್ಲ. ಡಬ್ಬಿಗಳ ಹಿಂದೆ, ಗೋಡೆಯಲ್ಲಿ, ಒಂದು ಕಣ್ಣು. ಆಚೆ ಕಡೆ ದೊಡ್ಡಮ್ಮನವರ ಕಪಾಟು ಬಿಚ್ಚುತ್ತಿದ್ದ ಕೂಲಿಯಾತ ಕೊಕ್ಕೆ ಎಳೆದ ರಭಸಕ್ಕೆ ಇಟ್ಟಿಗೆಯೇ ಕಳಚಿ ಬಂದಿತ್ತು. “ನೋಡಕ್ಕಾ, ನಾನು ಏನೂ ಮಾಡಿಲ್ಲ, ಅದೇ ಬಂತು. ಉರಿ ಸಣ್ಣ ಮಾಡು ಮೊದ್ಲು” ಎಂದ. ಸಣ್ಣ ಮಾಡಿದೆ. ಎರಡು ಗೋಡೆ ಮತ್ತು ಎರಡು ಇಂಚು ಗಾಳಿಯ ಆಚೆಯಿಂದ ನನ್ನ ಹಾಲನ್ನು ಕಂಡ ಆತನ ದೃಷ್ಟಿಗೆ ಕಂಪನಿಯವರು ಬಹುಮಾನ ಕೊಡಬೇಕು.

ಕೂಡಲೇ ಎಂಜಿನಿಯರ್ ಸಾಹೇಬರ ಬಳಿ ಓಡಿದೆ. ಅವರು ನಕ್ಷೆ ಬಿಡಿಸಿ, ನನ್ನ ಸಹಿಯ ಮೇಲೆ ಬೆರಳಿಟ್ಟು, “ಎರಡು ಗೋಡೆ ಅಂತ ನೀವೇ ಬರ್ಕೊಟ್ಟಿದೀರಲ್ಲಮ್ಮ. ಬೇಕಾದ್ರೆ ಇಬ್ಬರೂ ತಿದ್ದಿ ಬರ್ಕೊಡಿ” ಎಂದರು. ಅವರು ಬಂದು ನೋಡುವುದರೊಳಗೆ ಕೂಲಿಯಾತ ಪಾಪ, ನನಗೆ ತೊಂದರೆಯಾಗಬಾರದೆಂದು ಇಟ್ಟಿಗೆ ಕೂರಿಸಿ ಸಿಮೆಂಟು ಮೆತ್ತಿ ನೀಟಾಗಿ ಮುಚ್ಚಿಬಿಟ್ಟಿದ್ದ.

ಸರಿ, ತಿದ್ದಿಸೋಣವೆಂದು ಬಾಡಿಗೆ ಮನೆಗೆ ಹೋಗಿರುವ ದೊಡ್ಡಮ್ಮನವರನ್ನು ಹುಡುಕಿಕೊಂಡು ಹೋದೆ. ಅವರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, “ಏನು, ನಿಮ್ಮತ್ತೆ ಕಳಿಸಿದ್ಲಾ?” ಎಂದರು. ಮಂಚದ ವಿಷಯ ಹೇಳಿದೆ. “ಇನ್ನೂ ಅಲ್ಲೇ ಮಲಗ್ತಾಳಾ ಆ ಮೊಂಡಿ? ನಾನು ಗೋಡೆ ಈಚೆ ಕಡೆ ಮಲಗ್ತಿದ್ದಾಗ ಅವಳ ಕೆಮ್ಮು ಕೇಳೋದು. ಇಲ್ಲಿ ಬಂದ್ಮೇಲೆ ಏನೂ ಕೇಳಲ್ಲ, ನಿದ್ದೇನೇ ಬರಲ್ಲ” ಎಂದವರೇ ಕಾಗದ ತರಿಸಿ, ‘ಗೋಡೆ ನಮ್ಮದಲ್ಲ, ಪೂರ್ತಿ ಅವರದ್ದೇ’ ಎಂದು ಬರೆದು ಸಹಿ ಹಾಕಿಬಿಟ್ಟರು. ಇಬ್ಬರದ್ದೂ ಅಂತ ಬರೆಯಿರಿ ದೊಡ್ಡಮ್ಮ ಎಂದು ಬೇಡಿಕೊಂಡೆ. “ಕೊಡೋದೇ ಆದ್ರೆ ಪೂರ್ತಿ ಕೊಡ್ಬೇಕು” ಎಂದರು.

ಮನೆಗೆ ಬಂದು ಓದಿ ಹೇಳಿದೆ. ಅತ್ತೆಯವರು ಗೋಡೆಯ ಕಡೆ ತಿರುಗಿ ಮಲಗಿದರು. ಗೆದ್ದರೆಂದು ನಾನು ಅಂದುಕೊಂಡರೆ, ಒಂದು ಗಂಟೆಯ ಮೇಲೆ ಎದ್ದು ಕೂತು, “ಅವಳಿಗಿರೋ ದೊಡ್ಡ ಮನಸ್ಸು ನನಗಿಲ್ವಾ? ಬರಿಯೇ, ಗೋಡೆ ಅವಳದ್ದು ಅಂತ” ಎಂದರು. ಬೇಡ ಅತ್ತೆ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದೆ. ಬೀಳಿಸಿಕೊಂಡೂ ಬರೆಸಿದರು. ಹಾಗಾದರೆ ಮಂಚವನ್ನಾದರೂ ಈಚೆ ಎಳೆಯೋಣವೇ ಎಂದರೆ, “ಗೋಡೆ ಕೊಟ್ಟಿದೀನಿ, ಜಾಗ ಕೊಟ್ಟಿಲ್ಲ” ಎಂದು ಮತ್ತೆ ಮಲಗಿದರು.

ಎರಡೂ ಕಾಗದ ಒಯ್ದು ಕೊಟ್ಟೆ, ಕೊಡದೆ ವಿಧಿಯಿರಲಿಲ್ಲ. ಸಾಹೇಬರು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ಇವರದ್ದಲ್ಲ ಎಂದು ಇವರೂ ಅವರದ್ದಲ್ಲ ಎಂದು ಅವರೂ ಬರೆದಿರುವುದರಿಂದ, ಲೆಕ್ಕದ ಪ್ರಕಾರ ಅಲ್ಲಿ ರಕ್ಷಿಸಬೇಕಾದ ಗೋಡೆಯೇ ಇಲ್ಲ ಎಂದು ತೀರ್ಮಾನಿಸಿದರು. ಹೋದ ವಾರ ಎರಡಿತ್ತು, ಈ ವಾರ ಒಂದೂ ಇಲ್ಲ. ನಡುವಿನ ಆ ಒಂದು ಯಾವಾಗ ಬಂದು ಹೋಯಿತೋ, ನಾನು ಗಮನಿಸಲಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಕೆಲವು ಅಲ್ಪ ಬೇಡಿಕೆಗಳಿವೆ. ಗೋಡೆಯನ್ನು ಕೆಡವಲೇಬೇಕೆಂದಿದ್ದರೆ ದೊಡ್ಡಮ್ಮನವರ ಪಾಲಿನ ಅರ್ಧ ದಪ್ಪವನ್ನು ಮಾತ್ರ ತೆಗೆದು ನಮ್ಮರ್ಧವನ್ನು ನಿಂತ ಹಾಗೇ ಬಿಡಬೇಕು. ಹಳೆಯ ಕೋಟಿನ ಲೈನಿಂಗ್ ಬಿಚ್ಚುವಾಗ ನಾನು ಮೇಲಿನ ಬಟ್ಟೆಗೆ ಕತ್ತರಿ ತಾಗಿಸುವುದಿಲ್ಲ, ತಮಗೆ ಇಷ್ಟು ಬೆರಳಿರುವಾಗ ಇದೇನು ಮಹಾ. ಗೋಡೆ ಇಲ್ಲವೇ ಇಲ್ಲ ಎನ್ನುವುದಾದರೆ ಇನ್ನೂ ಒಳ್ಳೆಯದು, ಇಲ್ಲದ್ದನ್ನು ಕೆಡವುವ ಶ್ರಮವನ್ನು ತಾವು ತೆಗೆದುಕೊಳ್ಳಬಾರದು. ಸೀನು ಬಂದರೆ ದಯವಿಟ್ಟು ಆ ಕಡೆ ಮುಖ ಮಾಡಿ ಸೀನಬೇಕು. ಅತ್ತೆಯವರ ಹತ್ತಿರ ಹೋಗಿ ಏಳಿಸುವ ಪ್ರಸಂಗ ಬಂದರೆ ಬೈಗುಳಕ್ಕೆ ಬೇಸರ ಮಾಡಿಕೊಳ್ಳಬಾರದು. ನನಗೆ ಅಭ್ಯಾಸವಾಗಿದೆ, ತಮಗೂ ಆಗುತ್ತದೆ. ಇದ್ಯಾವುದೂ ಆಗದಿದ್ದರೆ, ತಮ್ಮ ಚಾಲಕರು ಕೀಲಿ ತಿರುಗಿಸುವ ಮೊದಲು ಇಳಿದು ಬಂದು ನಮ್ಮ ಹಿತ್ತಿಲಿನ ಕಡೆಯಿಂದ ಗೋಡೆಯ ತುದಿಯನ್ನು ಒಂದು ಸಲ ಅಳೆದು ನೋಡಲಿ. ಎರಡು ಗೋಡೆಯಾದರೆ ಇಪ್ಪತ್ತು ಇಂಚು ಬರಬೇಕು. ನಾನು ಏಳು ಸಲ ಅಳೆದೆ, ಏಳು ಸಲವೂ ಒಂಬತ್ತೇ ಬಂತು. ಟೇಪು ನಾನೇ ಕೊಡುತ್ತೇನೆ, ಹಿಡಿದುಕೊಂಡೂ ನಿಲ್ಲುತ್ತೇನೆ.

ಇಂತಿ, ತಮ್ಮ ತೋಳಿಗೆ ಎಟಕುವಷ್ಟು ಹತ್ತಿರದಲ್ಲೇ ಸಂಸಾರ ಮಾಡಿಕೊಂಡಿರುವ ತಮ್ಮ ವಿಶ್ವಾಸಿ,
ಪಕ್ಕದ ಮನೆಯ ಹೊಲಿಗೆಯವಳು

ಮತ್ತೊಂದು ಮಾತು: ಇಷ್ಟು ಬರೆದು ಮಡಿಸುವಷ್ಟರಲ್ಲಿ ಎಂಜಿನಿಯರ್ ಸಾಹೇಬರಿಂದ ತಿದ್ದಿದ ನಕ್ಷೆ ಬಂತು. ಪುಣ್ಯಾತ್ಮರು ಗೋಡೆ ಒಂದೇ ಎಂದು ಒಪ್ಪಿಕೊಂಡಿದ್ದಾರೆ, ಅದನ್ನು ಕೆಡವಬಾರದೆಂದು ದಪ್ಪಗೆ ಹಸಿರು ಬಣ್ಣವನ್ನೂ ಬಳಿದಿದ್ದಾರೆ. ನೋಡಿ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಮತ್ತೆ ನೋಡಿದೆ. ಹಸಿರು ಬಳಿದಿರುವುದು ಕಟ್ಟಡದ ಆ ಬದಿಯ ಗೋಡೆಗೆ, ಅಂದರೆ ಕಾರು ನಿಲ್ಲಿಸುವ ಬಯಲಿನ ಕಡೆಯದಕ್ಕೆ. ನಮ್ಮ ಬದಿಯ ಗೆರೆಯ ಮೇಲೆ ‘ಮೊದಲು ಇದು’ ಎಂದು ಬರೆದಿದೆ. ದೊಡ್ಡವರ ಕೆಲಸದಲ್ಲಿ ತಪ್ಪು ಹುಡುಕುವಷ್ಟು ನಾನು ಓದಿದವಳಲ್ಲ. ಬಯಲಿನಲ್ಲಿ ನಿಂತಿರುವ ಕಾರುಗಳಿಗೆ ಏನೂ ಆಗದಿರಲಿ ಎಂದೇ ನನ್ನ ಹಾರೈಕೆಯೂ. ಆದರೂ ಸೋಮವಾರ ಬೆಳಿಗ್ಗೆ ಎಂಟು ಗಂಟೆಯೊಳಗೆ, ಎಡ ಯಾವುದು, ಬಲ ಯಾವುದು, ಅದೊಂದನ್ನು ದಯವಿಟ್ಟು ಇನ್ನೊಮ್ಮೆ ನೋಡಬೇಕು.